ಏಳನೇ ನಂಬರಿನ ಬಲೆ

ಸೆಖೆ ಇನ್ನೂ ಇಳಿಯದ ಸೆಪ್ಟೆಂಬರ್ ಕೊನೆ, ಎರಡು ಸಾವಿರದ ಐದನೇ ಇಸವಿ. ಸಂಜೆಯ ಅಸರ್ ನಮಾಝ್ ಮುಗಿಸಿ ಬಂದು ಕಾಲೇಜಿನ ಆಟದ ಸಾಮಾನಿನ ಕೋಣೆ ತೆರೆದಿದ್ದೆನಷ್ಟೆ. ಕಜೆತಾನ್ ಪಾಯ್ಸ್ ಉದ್ದದ ಚೀಲವೊಂದನ್ನು ನೆಲದ ಮೇಲೆ ಎಳೆದುಕೊಂಡು ಒಳಗೆ ಬಂದರು. ಅವರು ಮಂಗಳೂರಿನ ಕುಲಶೇಖರದವರು, ಊರಲ್ಲಿ ಹಾಕಿ ಆಡಿದವರು. ಅಬುಧಾಬಿಯ ಈ ಕಾಲೇಜಿಗೆ ವ್ಯಾಯಾಮದ ಮೇಷ್ಟ್ರಾಗಿ ಸೇರಿ ಆಗ ಎರಡು ವರ್ಷ. ಆ ಕೋಣೆಯ ಸ್ಟೋರ್‌ಕೀಪರ್ ನಾನು, ಅಲಿಕುಂಞಿ.

"ಅಲಿಯಾಕ, ನೀವು ಬೆಂಗ್ರೆಯವರಲ್ವಾ?"

"ಹೌದು."

"ಹಾಗಾದ್ರೆ ಬಲೆ ಕಟ್ಲಿಕ್ಕೆ ಬರ್ತದೆ."

"ಮೀನು ಹಿಡಿಯುವ ಬೆಂಗ್ರೆಯಲ್ಲಿ ಹುಟ್ಟಿ ಬಲೆ ಕಟ್ಲಿಕ್ಕೆ ಬಾರದವನು ಉಂಟಾ ಪೊರ್ಬುಲೆ?" ಊರಿನ ಕ್ರೈಸ್ತರನ್ನು ನಾವು ಕರೆಯುವುದೇ ಹಾಗೆ.

ಚೀಲ ಸುರಿದರು. ಹದಿನಾಲ್ಕು ಕೋಲುಗಳು. ಒಂದೊಂದರ ತುದಿಯಲ್ಲೂ ಸೌಟಿನ ಬಾಯಿಯಂಥ ಚೌಕಟ್ಟು, ಚೌಕಟ್ಟಿನೊಳಗೆ ಹರಿದು ಜೋತುಬಿದ್ದ ಬಲೆ. ಲಕ್ರಾಸ್ ಎಂದರು. ಆ ಹೆಸರು ನಾನು ಕೇಳಿದ್ದು ಅವತ್ತೇ. ಕೋಲಿನ ಬಲೆಯಲ್ಲಿ ಚೆಂಡು ಹಿಡಿದು, ಓಡಿ, ಇನ್ನೊಬ್ಬಳ ಬಲೆಗೆ ಎಸೆದು, ಕೊನೆಗೆ ಗೋಲಿಗೆ ಹೊಡೆಯುವುದು. ಅಮೆರಿಕದ ಮೇಡಂ ಒಬ್ಬರು ಹುಡುಗಿಯರಿಗೆ ಒಂದು ವರ್ಷ ಕಲಿಸಿ, ಬೇಸಿಗೆ ರಜೆಗೆಂದು ಹೋದವರು ತಿರುಗಿ ಬರಲಿಲ್ಲ. ನಡೆಸುವುದಾದರೆ ನಡೆಸಿ, ಇಲ್ಲದಿದ್ದರೆ ಮುಚ್ಚಿ ಎಂದು ಕಾಲೇಜಿನವರು ಪಾಯ್ಸರಿಗೆ ಹೇಳಿದ್ದರು. ಅವರು ನಡೆಸಲು ಹೊರಟಿದ್ದರು.

ನಾನು ಮೂರು ದಿನ ಕೂತು ಕಟ್ಟಿದೆ. ಚರ್ಮದ ನಾಲ್ಕು ಪಟ್ಟಿ ಉದ್ದಕ್ಕೆ, ಅಡ್ಡಕ್ಕೆ ನೈಲಾನ್ ದಾರ. ಊರಿನಲ್ಲಿ ಹೇಗೆ ಕಟ್ಟುತ್ತಿದ್ದೆನೋ ಹಾಗೆಯೇ, ಒಳಗೆ ಬಂದದ್ದು ಹೊರಗೆ ಹೋಗದ ಹಾಗೆ ಬಲೆಗೆ ಒಳ್ಳೆಯ ಹೊಟ್ಟೆ ಬಿಟ್ಟು ಕಟ್ಟಿದೆ. ನಾಲ್ಕನೇ ದಿನ ಮೈದಾನದಲ್ಲಿ ಹುಡುಗಿಯರು ಚೆಂಡು ಹಿಡಿದರು. ಎಸೆಯಲು ಕೋಲು ಬೀಸಿದರೆ ಚೆಂಡು ಬರುತ್ತಿಲ್ಲ. ಬೀಸಿ ಬೀಸಿ ಒಬ್ಬಳು ಕೋಲನ್ನೇ ಎಸೆದಳು. ಪಾಯ್ಸ್ ಮೈದಾನದ ನಡುವೆ ಕೂತುಬಿಟ್ಟರು. ನಗುತ್ತಾ ಕಣ್ಣಲ್ಲಿ ನೀರು.

"ಅಲಿಯಾಕ, ಇದು ಬಂಗುಡೆ ಹಿಡಿಯುವ ಬಲೆಯಲ್ಲ ಮಾರಾಯ್ರೆ! ಬಂದದ್ದು ಹೋಗ್ಬೇಕು ಕೂಡ!"

ಆಮೇಲೆ ರೂಲಿನ ಪುಸ್ತಕ ತೆರೆದು ಚಿತ್ರ ತೋರಿಸಿದರು. ಚೆಂಡು ಬಲೆಯಲ್ಲಿ ಕೂತಾಗ ಅದರ ತಲೆ ಚೌಕಟ್ಟಿನ ಅಂಚಿಗಿಂತ ಮೇಲೆ ಕಾಣಬೇಕು. ಕಾಣದೆ ಮುಳುಗಿದರೆ ಆ ಕೋಲು ಕಳ್ಳ ಕೋಲು. ನಾನು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ನಾವಿಬ್ಬರೂ ಆ ನಗೆಯಿಂದಲೇ ಸ್ನೇಹಿತರಾದೆವು. ಆದರೆ ಹೊಟ್ಟೆ ಬಿಟ್ಟ ಬಲೆಯಿಂದ ಎಷ್ಟು ಕುಲುಕಿದರೂ ಚೆಂಡು ಬೀಳುವುದಿಲ್ಲ ಎನ್ನುವುದನ್ನು ಅವರು ಅವತ್ತೇ ನೋಡಿಟ್ಟುಕೊಂಡಿದ್ದರು.

ಪಾಯ್ಸ್ ಕೆಟ್ಟ ಕೋಚ್ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹಾಗೆ ಹೇಳಿ ಸಿಟ್ಟು ತೀರಿಸಿಕೊಳ್ಳುವುದು ಸುಲಭವಿತ್ತು. ಆ ಮನುಷ್ಯ ಕಂಪ್ಯೂಟರಿನಲ್ಲಿ ಆಟದ ವೀಡಿಯೋ ಹಾಕಿ, ನಿಲ್ಲಿಸಿ, ತಿರುಗಿಸಿ, ಒಂದೊಂದು ಹೆಜ್ಜೆ ಬರೆದುಕೊಂಡು ಕಲಿತವರು. ಬೆಳಿಗ್ಗೆ ಐದೂವರೆಗೆ ಕಾರ್ನಿಷ್ ಕಡಲತೀರದ ಮರಳಿನಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದರು, ಜೊತೆಗೆ ತಾವೂ ಓಡುತ್ತಿದ್ದರು. ಮಗಳನ್ನು ಆಟಕ್ಕೆ ಕಳಿಸುವುದಿಲ್ಲ ಎಂದ ತಂದೆತಾಯಿಯ ಮನೆಗೆ ಹೆಂಡತಿ ಪ್ಯಾಟ್ರಿಶಿಯಾರನ್ನೂ ಕರೆದುಕೊಂಡು ಹೋಗಿ ಮಾತಾಡುತ್ತಿದ್ದರು. ಮೂರನೇ ವರ್ಷ ಗಲ್ಫಿನ ಕಾಲೇಜುಗಳ ಕಪ್ ಬಂತು. ಐದನೇ ವರ್ಷ ಮತ್ತೆ. ಪತ್ರಿಕೆಯಲ್ಲಿ ಫೋಟೋ ಬಂತು. ಪ್ರತಿ ಹುಡುಗಿಯ ತೋಳಿನ ಉದ್ದ ನೋಡಿ, ಎಸೆಯುವ ರೀತಿ ನೋಡಿ ಅವಳಿಗೆ ಬೇಕಾದ ಹಾಗೆ ನಾನು ಬಲೆ ಕಟ್ಟುತ್ತಿದ್ದೆ. ಬೆರಳಿನ ಅಳತೆ. ಅರ್ಧ ಬೆರಳು ಹೆಚ್ಚು ಕಡಿಮೆಯಾದರೂ ಅವರ ಕೈಗೆ ಗೊತ್ತಾಗುತ್ತಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಪ್ಯಾಟ್ರಿಶಿಯಾ ಬಾಯಮ್ಮ ಹಬ್ಬದ ತಿಂಡಿಗಳ ಕುಸ್ವಾರಿನ ಡಬ್ಬಿ ಕಳಿಸುತ್ತಿದ್ದರು. ಅದರಲ್ಲಿನ ಸಕ್ಕರೆ ಪಾಕದ ಕಿಡಿಯೋ ಒಂದು ತಿಂದರೆ ಇನ್ನೊಂದು ಬೇಕೆನಿಸುತ್ತಿತ್ತು.

ತೃಷಾ ಬಂದದ್ದು ಎರಡು ಸಾವಿರದ ಹತ್ತರಲ್ಲಿ. ತಂದೆ ಮೋಹನದಾಸರದ್ದು ಹಮ್ದಾನ್ ಸ್ಟ್ರೀಟಿನಲ್ಲಿ ವಾಚ್ ರಿಪೇರಿಯ ಸಣ್ಣ ಅಂಗಡಿ, ಊರು ಕಾಪು. ಹುಡುಗಿ ಇಲ್ಲೇ ಬೆಳೆದವಳು, ಮಾತಿನಲ್ಲಿ ಅರ್ಧ ಇಂಗ್ಲಿಷು. ಅಂಗಿಯ ಮೇಲೆ ಏಳನೇ ನಂಬರು. ನಾನು ಆ ಮೈದಾನದಲ್ಲಿ ಇಪ್ಪತ್ತು ವರ್ಷ ನೋಡಿದ ಹುಡುಗಿಯರಲ್ಲಿ ಅವಳಷ್ಟು ಚೆನ್ನಾಗಿ ಆಡಿದವಳು ಇನ್ನೊಬ್ಬಳಿಲ್ಲ. ಇವಳು ನನ್ನ ಹಾಗೆ ಕೋಚ್ ಆಗುವವಳು ಎಂದು ಪಾಯ್ಸ್ ಎಲ್ಲರೆದುರು ಹೇಳುತ್ತಿದ್ದರು.

ಎರಡು ಸಾವಿರದ ಹದಿಮೂರು, ಮಾರ್ಚ್. ದುಬೈಯಲ್ಲಿ ಫೈನಲ್. ಎರಡು ವರ್ಷ ಕಪ್ ಕೈತಪ್ಪಿತ್ತು, ತಂಡ ಬೇಕೋ ಬೇಡವೋ ಎಂದು ಕಾಲೇಜಿನಲ್ಲಿ ಮಾತು ಎದ್ದಿತ್ತು. ಬೆಳಿಗ್ಗೆ ಎಂಟು ಗಂಟೆಗೆ, ಬಸ್ಸು ಹೊರಡುವ ಮೊದಲು, ಪಾಯ್ಸ್ ಸ್ಟೋರಿಗೆ ಬಂದು ಬಾಗಿಲು ಹಾಕಿಕೊಂಡರು.

"ಏಳನೇ ನಂಬರಿನದ್ದು ಒಂದು ಬೆರಳು ಇಳಿಸಿ ಅಲಿಯಾಕ."

"ಆಗ್ಲಿಕ್ಕಿಲ್ಲ ಪೊರ್ಬುಲೆ. ಚೆಂಡು ಮುಳುಗ್ತದೆ."

"ಮುಳುಗ್ಲಿ. ಅವರು ಹೊಡೆದು ಬೀಳಿಸ್ಲಿಕ್ಕೇ ಬರುವವರು. ಇವತ್ತಿನ ರೆಫರಿ ಹೊಸಬಳು, ಕೋಲು ಹಿಡಿದು ನೋಡುವವಳಲ್ಲ."

"ಹುಡುಗಿಗೆ ಹೇಳಿದ್ದೀರಾ?"

"ಅವಳಿಗೆ ಎಂತಕ್ಕೆ? ಹೇಳಿದ್ರೆ ಕೈ ನಡುಗ್ತದೆ ಅವಳದ್ದು. ನೀವು ಇಳಿಸಿ. ನಾನಿದ್ದೇನೆ."

ನಾನು ಗಂಟು ಬಿಚ್ಚಿ ಒಂದು ಬೆರಳು ಇಳಿಸಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ, ಒಂದು ಚಾ ಕುಡಿಯುವಷ್ಟು.

ದುಬೈಯಲ್ಲಿ ಆಟಕ್ಕೆ ಮೊದಲು ನಾಲ್ಕು ಚೆಂಡು ಎಸೆದು ನೋಡಿ ತೃಷಾ ನನ್ನ ಹತ್ತಿರ ಓಡಿ ಬಂದಳು. "ಅಲಿ ಅಂಕಲ್, ಇವತ್ತು ಎಂತ ಮ್ಯಾಜಿಕ್ ಮಾಡಿದ್ರಿ? ಬಾಲ್ ಬೀಳುದೇ ಇಲ್ಲ!"

ನಾನು ನಕ್ಕೆ.

ಆಟ ಮುಗಿಯಲು ಎರಡು ನಿಮಿಷವಿರುವಾಗ ಎರಡೂ ಕಡೆ ಸಮ. ಮೂವರು ಸುತ್ತಿಕೊಂಡು ಹೊಡೆದರೂ ತೃಷಾಳ ಬಲೆಯಿಂದ ಚೆಂಡು ಬೀಳಲಿಲ್ಲ. ತಪ್ಪಿಸಿಕೊಂಡು ಹೋಗಿ ಗೋಲು ಹೊಡೆದಳು. ನಮ್ಮವರು ಕುಣಿಯುತ್ತಿದ್ದರು. ಅಷ್ಟರಲ್ಲಿ ಆ ಕಡೆಯ ಕೋಚ್ ಕೈ ಎತ್ತಿ ಕೋಲು ನೋಡಬೇಕು ಎಂದಳು. ಹೊಸ ರೆಫರಿ ಕೋಲು ತೆಗೆದುಕೊಂಡು, ಚೆಂಡು ಕೂರಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದಳು. ಚೆಂಡಿನ ತಲೆ ಕಾಣಲಿಲ್ಲ. ಸೀಟಿ ಊದಿದಳು. ಗೋಲು ಇಲ್ಲ, ತೃಷಾ ಹೊರಗೆ. ಉಳಿದ ಎರಡು ನಿಮಿಷದಲ್ಲಿ ಅವರು ಹೊಡೆದರು, ನಾವು ಸೋತೆವು.

ಸೋಲಿನ ಮಾತು ಬಿಡಿ. ಆಮೇಲೆ ಮೇಜಿನ ಹತ್ತಿರ ಕಮಿಟಿಯವರು ಪಾಯ್ಸರನ್ನು ಕೇಳಿದರು, ಈ ಬಲೆ ಇಳಿಸಿದ್ದು ಯಾರು ಎಂದು. ನನ್ನ ಇಂಗ್ಲಿಷ್ ಕಡಿಮೆ. ಆದರೆ ಅವತ್ತು ಪಾಯ್ಸ್ ಹೇಳಿದ ನಾಲ್ಕು ಮಾತು ತಿಳಿಯದಷ್ಟು ಕಡಿಮೆಯಲ್ಲ. ನಮ್ಮ ಸ್ಟೋರಿನಿಂದ ಕೋಲು ಸರಿಯಾಗಿಯೇ ಹೋಗುತ್ತದೆ. ಆಮೇಲೆ ಹುಡುಗಿಯರು ತಾವೇ ದಾರ ಸಡಿಲಿಸಿಕೊಳ್ಳುತ್ತಾರೆ. ಈ ಹುಡುಗಿಗೆ ಮೊದಲೂ ಎಚ್ಚರಿಕೆ ಕೊಟ್ಟಿದ್ದೇನೆ ಎಂದರು.

"ಸರ್, ನಾನು ಮುಟ್ಲೇ ಇಲ್ಲ! ಐ ಸ್ವೇರ್, ಮುಟ್ಲೇ ಇಲ್ಲ!" ತೃಷಾ ನನ್ನ ಕಡೆ ತಿರುಗಿದಳು. "ಅಂಕಲ್, ನೀವಾದ್ರೂ ಹೇಳಿ. ಬೆಳಿಗ್ಗೆ ನೀವೇ ಅಲ್ವಾ ಕೊಟ್ಟದ್ದು?"

ನಾನು ನೀರಿನ ಬಾಟಲಿಯ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದೆ. ಏಪ್ರಿಲಿನಲ್ಲಿ ಊರಲ್ಲಿ ಮಗಳು ಫರ್ಝಾನಳ ನಿಕಾಹ್. ರಜೆಯ ಕಾಗದಕ್ಕೆ ಸಹಿ ಹಾಕಬೇಕಾದವರು ಪಾಯ್ಸ್. ನನ್ನ ಕಾಲನ್ನು ನಡೆಸಿದ್ದು ಆ ಕಾಗದ.

ಹುಡುಗಿಯನ್ನು ತಂಡದಿಂದ ತೆಗೆದರು. ಅವಳ ಫೈಲಿನಲ್ಲಿ, ಆಟದ ಸಲಕರಣೆ ತಿದ್ದಿ ಮೋಸ ಮಾಡಿದ್ದಾಳೆ ಎಂದು ಪಾಯ್ಸರೇ ಬರೆದರು. ಒಂದು ವಾರ ಬಿಟ್ಟು ಮೋಹನದಾಸರು ಅಂಗಡಿ ಮುಚ್ಚಿ ನನ್ನ ಸ್ಟೋರಿಗೆ ಬಂದರು. ಮೃದು ಮನುಷ್ಯ, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಅಲಿಯಾಕ, ನನ್ನ ಮಗಳು ಹಾಗೆ ಮಾಡಿದ್ದು ಹೌದಾ? ನೀವು ಹೌದು ಅಂದ್ರೆ ನಾನು ನಂಬ್ತೇನೆ."

"ನನಗೆ ಗೊತ್ತಿಲ್ಲ ದಾಸಣ್ಣ," ಎಂದೆ.

ಆ ವರ್ಷದ ಡಿಸೆಂಬರಿನಲ್ಲೂ ಕುಸ್ವಾರಿನ ಡಬ್ಬಿ ಬಂತು. ಅದನ್ನೂ ತಿಂದೆ.

ಮುಂದಿನ ವರ್ಷಗಳಲ್ಲಿ ಪಾಯ್ಸ್ ಇನ್ನೂ ಮೂರು ಕಪ್ ಗೆದ್ದರು. ಅವರು ಕಲಿಸಿದ ಹುಡುಗಿಯರು ಶಾರ್ಜಾದಲ್ಲಿ, ದೋಹಾದಲ್ಲಿ ಕೋಚ್ ಆದರು. ಶಿಸ್ತು, ಪ್ರಾಮಾಣಿಕತೆ ಎಂದು ಅವರು ಭಾಷಣ ಮಾಡುವಾಗ ನಾನು ಸ್ಟೋರಿನ ಒಳಗೆ ಹೋಗಿ ಇದ್ದ ಸಾಮಾನನ್ನೇ ಮತ್ತೆ ಜೋಡಿಸುತ್ತಿದ್ದೆ. ಮುಖ ಅವರಿಗೆ ಕಾಣಬಾರದು ಎಂದು. ಸಿಟ್ಟು ಅವರ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು, ನನಗೇ ತಿಳಿಯುತ್ತಿರಲಿಲ್ಲ.

ಈ ವರ್ಷ ಏಪ್ರಿಲಿನಲ್ಲಿ ಆಟದ ಆಫೀಸಿನ ಮುಬೀನ ಸ್ಟೋರಿಗೆ ಬಂದಳು. ಉಪ್ಪಳದ ಹುಡುಗಿ, ನಾಲಗೆ ಚುರುಕು.

"ಅಲಿಚ್ಚ, ಪಾಯ್ಸ್ ಸರ್‌ದು ಮೇ ತಿಂಗಳಿಗೆ ಖಲಾಸ್. ರಿಟೈರ್. ಮೈದಾನಕ್ಕೆ ಅವರ ಹೆಸರೇ ಇಡ್ತಾರಂತೆ."

"ಅವರ ಜಾಗಕ್ಕೆ ಯಾರು?"

"ಅದೇ ತಲೆಬಿಸಿ. ಹನ್ನೊಂದು ಅರ್ಜಿ ಉಂಟು. ಒಳ್ಳೇದು ಒಂದೇ. ಇಲ್ಲೇ ಓದಿದವಳು, ತೃಷಾ ಅಂತ. ಈಗ ದುಬೈಯ ಮಿರ್ದಿಫ್‌ನಲ್ಲಿ ಇರುದು, ಶಾಲೆಯಲ್ಲಿ ಟೀಚರ್, ಸಂಜೆ ಅರವತ್ತು ಮಕ್ಕಳಿಗೆ ಈ ಆಟ ಕಲಿಸ್ತಾಳೆ. ಎಲ್ಲ ಸರ್ಟಿಫಿಕೇಟ್ ಉಂಟು. ಆದ್ರೆ ಹಳೇ ಫೈಲಲ್ಲಿ ಮೋಸ ಅಂತ ಬರ್ದಿದೆ. ಅದಿದ್ರೆ ಮುಗೀತು."

"ಅದನ್ನು ತೆಗೀಲಿಕ್ಕೆ ಆಗುದಿಲ್ವಾ?"

"ಆಗಿನ ಕೋಚ್ ಎರಡು ಗೆರೆ ಬರೆದು ಕೊಟ್ರೆ ಆಗ್ತದೆ. ಡೈರೆಕ್ಟರ್ ತಾವೇ ಕೇಳಿದ್ರು. ಪಾಯ್ಸ್ ಸರ್ ಹೇಳಿದ್ರು, ಅಷ್ಟು ಹಳೇದು ನಂಗೆ ನೆನಪಿಲ್ಲ ಅಂತ."

ನೆನಪಿಲ್ಲವಂತೆ! ಎರಡು ಸಾವಿರದ ಎಂಟರ ಸೆಮಿಫೈನಲಿನಲ್ಲಿ ಯಾವ ಹುಡುಗಿಯ ಶೂವಿನ ದಾರ ಬಿಚ್ಚಿತ್ತು ಎಂದು ಈಗಲೂ ಹೇಳುವ ಮನುಷ್ಯ. ನನ್ನ ಕೈಯಲ್ಲಿದ್ದ ಚಾದ ಲೋಟ ಮೇಜಿನ ಮೇಲೆ ಇಟ್ಟ ಸದ್ದಿಗೆ ಮುಬೀನ ಬೆಚ್ಚಿದಳು.

"ಎಂತ ಅಲಿಚ್ಚ?"

"ಏನಿಲ್ಲ. ಹೋಗು ನೀನು."

ಮೇ ನಾಲ್ಕು, ಭಾನುವಾರ. ಇಗರ್ಜಿಯಿಂದ ಅವರು ಬಂದಿರುವ ಹೊತ್ತು ನೋಡಿ ಖಾಲಿದಿಯಾದ ಅವರ ಫ್ಲ್ಯಾಟಿಗೆ ಹೋದೆ. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ತುಂಬಿದ್ದವು. ಗೋಡೆಯಿಂದ ಇಳಿಸಿದ ಫೋಟೋಗಳನ್ನು ಪಾಯ್ಸ್ ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದರು. ಪ್ಯಾಟ್ರಿಶಿಯಾ ಬಾಯಮ್ಮ ಕಾಫಿ ಮಾಡಲು ಒಳಗೆ ಹೋದರು.

"ಬನ್ನಿ ಅಲಿಯಾಕ! ನಿಮ್ಮನ್ನೇ ನೆನೆಸಿದ್ದೆ. ಫಂಕ್ಷನ್ನಿಗೆ ವೀಡಿಯೋ ಮಾಡ್ತಾರಂತೆ. ನೀವು ನನ್ನ ಬಗ್ಗೆ ಎರಡು ಮಾತು ಹೇಳ್ಬೇಕು."

"ಹೇಳ್ತೇನೆ. ಮೊದಲು ನೀವು ತೃಷಾಳ ಬಗ್ಗೆ ಎರಡು ಗೆರೆ ಬರೀರಿ."

ಟವೆಲು ಸುತ್ತುತ್ತಿದ್ದ ಕೈ ನಿಂತಿತು. ಮತ್ತೆ ನಗಲು ನೋಡಿದರು. "ಹನ್ನೆರಡು ವರ್ಷ ಆಯ್ತು ಮಾರಾಯ್ರೆ. ಯಾರಿಗೆ ನೆನಪುಂಟು?"

"ನನಗುಂಟು. ಬೆಳಿಗ್ಗೆ ಎಂಟು ಗಂಟೆ. ನೀವು ಬಾಗಿಲು ಹಾಕಿದ್ರಿ. ನಾನಿದ್ದೇನೆ ಅಂದ್ರಿ."

"ಸ್ವಲ್ಪ ಮೆಲ್ಲ ಮಾತಾಡಿ."

"ಇಪ್ಪತ್ತು ವರ್ಷ ಮೆಲ್ಲವೇ ಮಾತಾಡಿದ್ದು ಪೊರ್ಬುಲೆ. ಇವತ್ತು ಆಗುದಿಲ್ಲ."

ಅವರು ಎದ್ದು ಹತ್ತಿರ ಬಂದರು. "ನೋಡಿ, ಹುಡುಗಿಗೆ ಇಲ್ಲದಿದ್ರೆ ಇನ್ನೊಂದು ಕೆಲಸ ಸಿಗ್ತದೆ. ಅವಳಿಗೆ ಮೂವತ್ತೆರಡು. ನನಗೆ ಅರವತ್ತೊಂದು, ನನಗೆ ಇನ್ನೆಂತ ಸಿಗ್ತದೆ? ಇಪ್ಪತ್ತು ವರ್ಷ ಮಾಡಿದ್ದು ಒಂದು ಬೆರಳಿಗೆ ಹೋಗ್ಬೇಕಾ? ಮೈದಾನಕ್ಕೆ ಹೆಸರು ಇಡುವ ಹೊತ್ತಿಗೆ ನಾನು ಮೋಸಗಾರ ಅಂತ ನಾನೇ ಬರೆದು ಕೊಡ್ಬೇಕಾ?"

"ಅವಳು ಮೋಸಗಾರ್ತಿ ಅಂತ ಬರೀಲಿಕ್ಕೆ ನಿಮಗೆ ಕೈ ಬಂತಲ್ಲ?"

"ಗಂಟು ಹಾಕಿದ ಕೈ ಯಾರದ್ದು? ನನ್ನದಾ? ಬಾಯಿ ಬಿಟ್ರೆ ಮೊದಲು ಹೋಗುದು ನೀವು. ಅರವತ್ತು ದಾಟಿದವರ ವೀಸಾ ವರ್ಷವರ್ಷ ಹೇಗೆ ಆಗ್ತಾ ಉಂಟು, ಯಾರು ಬರೆದು ಕೊಡ್ತಾರೆ, ಗೊತ್ತುಂಟಲ್ಲ ನಿಮಗೆ?"

ಪ್ಯಾಟ್ರಿಶಿಯಾ ಬಾಯಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು.

"ಕಜೆತಾನ್," ಎಂದರು. "ಆ ಹುಡುಗಿಯ ಅಮ್ಮ ನನ್ನ ಕೈ ಹಿಡಿದು ಅತ್ತಾಗ ನಾನು ಎಂತ ಹೇಳಿದೆ ಗೊತ್ತುಂಟಾ? ಮಕ್ಕಳು ತಪ್ಪು ಮಾಡ್ತಾರೆ, ಕ್ಷಮಿಸಿಬಿಡಿ ಅಂದೆ. ಅವಳ ಅಮ್ಮನಿಗೆ ನಾನು ಬುದ್ಧಿ ಹೇಳಿದೆ!"

"ಪ್ಯಾಟ್ಸಿ, ನೀನು ಒಳಗೆ ಹೋಗು."

"ಹೋಗುದಿಲ್ಲ."

ನಾನು ಕಾಫಿ ಮುಟ್ಟಲಿಲ್ಲ. "ಪೊರ್ಬುಲೆ, ನೀವು ಬರೆದ್ರೆ ಕೋಚ್ ಒಬ್ಬ ತಪ್ಪು ತಿದ್ದಿದ ಅಂತ ಆಗ್ತದೆ. ನಾನು ಹೇಳಿದ್ರೆ ಕೋಚ್ ಸಿಕ್ಕಿಬಿದ್ದ ಅಂತ ಆಗ್ತದೆ. ನಾಳೆ ಬೆಳಿಗ್ಗೆ ಹತ್ತು ಗಂಟೆವರೆಗೆ ಕಾಯ್ತೇನೆ."

ಸೋಮವಾರ ಹತ್ತು ಗಂಟೆಯಾಯಿತು. ಹತ್ತೂಕಾಲೂ ಆಯಿತು. ನಾನು ಸ್ಟೋರಿಗೆ ಬೀಗ ಹಾಕಿ ಡೈರೆಕ್ಟರರ ಕೋಣೆಗೆ ಹೋದೆ. ಮುಬೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಬಲೆ ಇಳಿಸಿದ್ದು ನಾನು. ಇಳಿಸಲು ಹೇಳಿದ್ದು ಕೋಚ್ ಪಾಯ್ಸ್. ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದದ್ದು ನಾನು. ಕೊನೆಯ ಮಾತು ಬರೆಯುವಾಗ ಅವಳು ಕೈ ಎತ್ತಿದಳು.

"ಇದು ಬೇಡ ಅಲಿಚ್ಚ. ಇದು ಬರೆದ್ರೆ ನಿಮಗೇ ತೊಂದರೆ."

"ಬರಿ."

ಡೈರೆಕ್ಟರ್ ಎರಡು ಸಲ ಓದಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೆದರಿಕೆ ಎಂದೆ. ಮುಬೀನ ಅದನ್ನು ಇಂಗ್ಲಿಷಿನಲ್ಲಿ ಉದ್ದ ಮಾಡಿ ಏನೋ ಹೇಳಲು ಹೊರಟಳು. ಬೇಡ, ಅಷ್ಟೇ ಹೇಳು ಎಂದೆ. ಅವರು ಪಾಯ್ಸರನ್ನು ಕರೆಸಿದರು. ಒಳಗೆ ಏನು ನಡೆಯಿತು ಎಂದು ನನಗೆ ಗೊತ್ತಿಲ್ಲ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದವರು ನನ್ನ ಮುಂದೆಯೇ ಹಾದುಹೋದರು, ಗೋಡೆ ಹಾದುಹೋದ ಹಾಗೆ.

ಮಂಗಳವಾರ ತೃಷಾಳ ಫೈಲಿನಿಂದ ಆ ಗೆರೆ ಹೋಯಿತು. ಬುಧವಾರ ನನಗೆ ಕಾಗದ ಬಂತು, ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ ಎಂದು. ಆ ಕಾಗದ ನನಗೆ ನೋವು ಮಾಡಲಿಲ್ಲ. ನೋವು ಮಾಡಿದ್ದು ಗುರುವಾರ.

ಗುರುವಾರ ಸಂಜೆ ತೃಷಾ ಇಂಟರ್‌ವ್ಯೂ ಮುಗಿಸಿ ಸ್ಟೋರಿಗೆ ಬಂದಳು. ಕೂದಲು ಗಿಡ್ಡ ಮಾಡಿದ್ದಳು, ಕನ್ನಡಕ ಬಂದಿತ್ತು. ಮೇಜಿನ ಆಚೆ ನಿಂತಳು. ಕೂರು ಎಂದೆ, ಕೂರಲಿಲ್ಲ.

"ಪಪ್ಪ ನಿಮ್ಮನ್ನು ಕೇಳ್ಲಿಕ್ಕೆ ಬಂದಿದ್ರಲ್ಲ ಅಂಕಲ್? ನೀವು ಏನು ಹೇಳಿದ್ರಿ?"

"ಗೊತ್ತಿಲ್ಲ ಅಂದೆ."

"ಪಪ್ಪ ಮನೆಗೆ ಬಂದು ಹೇಳಿದ್ರು, ಅಲಿಯಾಕ ಸುಳ್ಳು ಹೇಳುವವರಲ್ಲ, ನೀನೇ ಏನೋ ಮಾಡಿರ್ಬೇಕು ಅಂತ. ಸಾಯುವವರೆಗೂ ಅವರಿಗೆ ಡೌಟ್ ಇತ್ತು. ನಾನು ಒಳ್ಳೆ ಮಗಳು, ಆದ್ರೆ ಒಂದ್ಸಲ ಚೀಟ್ ಮಾಡಿದವಳು, ಹಾಗೆ. ಟ್ವೆಲ್ವ್ ಇಯರ್ಸ್ ನಾನದನ್ನು ಹೊತ್ತಿದ್ದೇನೆ, ಅಂಕಲ್!"

ಮೋಹನದಾಸರು ತೀರಿಕೊಂಡ ಸುದ್ದಿ ನನಗೆ ಗೊತ್ತಿರಲಿಲ್ಲ. ಯಾವಾಗ ಎಂದು ಕೇಳಿದೆ.

"ಕೋವಿಡಲ್ಲಿ."

"ಮಗಳೇ, ನಾನು..."

"ಮಗಳೇ ಅನ್ಬೇಡಿ. ಪ್ಲೀಸ್." ಅವಳ ಸ್ವರ ನಡುಗಲಿಲ್ಲ. ನಡುಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಪಾಯ್ಸ್ ಸರ್ ಸುಳ್ಳು ಹೇಳಿದ್ರು ಅಂತ ನಂಗೆ ಅವತ್ತೇ ಗೊತ್ತಿತ್ತು. ಕೋಚ್‌ಗಳಿಗೆ ಕಪ್ ಬೇಕು, ಫೈನ್. ನಿಮಗೇನು ಬೇಕಿತ್ತು? ಐ ಟ್ರಸ್ಟೆಡ್ ಯೂ ಮೋರ್ ದ್ಯಾನ್ ಹಿಮ್."

ನನ್ನ ಮಗಳ ನಿಕಾಹಿಗೆ ರಜೆ ಬೇಕಿತ್ತು ಎಂದು ಹೇಳಬಹುದಿತ್ತು. ಅವಳೂ ಒಬ್ಬರ ಮಗಳು ಎಂದು ಆಗ ನೆನೆಯದ ನನಗೆ ಈಗ ಆ ಮಾತು ಆಡುವ ಬಾಯಿ ಇರಲಿಲ್ಲ.

"ಕೆಲಸ ಸಿಕ್ಕಿತಾ?" ಎಂದೆ.

"ಸಿಕ್ತು. ಆಗಸ್ಟಲ್ಲಿ ಜಾಯ್ನ್ ಆಗ್ತೇನೆ." ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಬಲೆ ಕಟ್ಲಿಕ್ಕೆ ಇನ್ನು ನಾನೇ ಮಕ್ಕಳಿಗೆ ಕಲಿಸ್ತೇನೆ. ಅವರವರ ಕೋಲು ಅವರವರೇ ಕಟ್ಲಿ. ಬೇರೆಯವರು ಯಾರೂ ಮುಟ್ಟುವುದು ಬೇಡ."

ಇಷ್ಟೆಲ್ಲ ಆದಮೇಲೂ ಕಾಲೇಜಿನವರು ಮೈದಾನಕ್ಕೆ ಹೆಸರು ಇಡುವುದನ್ನು ಬಿಡಲಿಲ್ಲ. ಬೋರ್ಡು ತಯಾರಾಗಿತ್ತು, ದೊಡ್ಡವರನ್ನು ಕರೆದಾಗಿತ್ತು. ಹುಡುಗಿಗೂ ನ್ಯಾಯ, ಕೋಚಿಗೂ ಮರ್ಯಾದೆ, ಯಾರಿಗೂ ಬೇಜಾರು ಬೇಡ ಎಂಬ ಲೆಕ್ಕ. ಫೈಲಿನಿಂದ ಗೆರೆ ಅಳಿಸಿದವರು ಯಾಕೆ ಅಳಿಸಿದೆವು ಎಂದು ಎಲ್ಲಿಯೂ ಬರೆಯಲಿಲ್ಲ. ನಾನು ಬರೆಸಿದ ಕಾಗದ ಯಾವ ಡ್ರಾಯರಿನಲ್ಲಿ ಮಲಗಿದೆಯೋ! ಸಿಟ್ಟಿನಲ್ಲಿ ನಾನು ಡೈರೆಕ್ಟರರ ಬಾಗಿಲವರೆಗೆ ಇನ್ನೊಮ್ಮೆ ಹೋದೆ. ಮುಬೀನ ತಡೆದಳು. "ಮೀಟಿಂಗಲ್ಲಿದ್ದಾರೆ ಅಲಿಚ್ಚ," ಎಂದಳು. ಒಳಗೆ ಯಾರೂ ಇರಲಿಲ್ಲ, ಗಾಜಿನಲ್ಲಿ ಕಾಣುತ್ತಿತ್ತು.

ಮೇ ಇಪ್ಪತ್ತೆರಡರ ಸಂಜೆ ಸಮಾರಂಭ ನಡೆಯಿತು. ವೇದಿಕೆಯ ನಡುವಿನ ಕುರ್ಚಿ ಖಾಲಿ. ಆರೋಗ್ಯದ ಕಾರಣದಿಂದ ಕೋಚಿಗೆ ಬರಲಾಗಲಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಹೊಸ ಕೋಚ್ ಎಂದು ತೃಷಾಳನ್ನು ಕರೆದಾಗ ಅವಳು ವೇದಿಕೆ ಹತ್ತಿ, ಪಾಯ್ಸರ ಹೆಸರು ಎತ್ತದೆ, ತನಗೆ ಕಲಿಸಿದವರು ತನ್ನ ತಂದೆ ಮೋಹನದಾಸ್ ಎಂದು ಹೇಳಿ ಇಳಿದಳು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ನಾನು ಹಿಂದೆ ನಿಂತಿದ್ದೆ.

ಬರಲಾಗದಂಥ ಕಾಯಿಲೆ ಅವರಿಗೇನೂ ಇಲ್ಲ ಎಂದು ನನಗೆ ಗೊತ್ತಿತ್ತು. ಖಾಲಿದಿಯಾದ ಮನೆಯ ಕೀಲಿಯನ್ನು ವಾಚ್‌ಮನ್‌ಗೆ ಕೊಟ್ಟು, ಪಾಯ್ಸ್ ಮತ್ತು ಪ್ಯಾಟ್ರಿಶಿಯಾ ಬಾಯಮ್ಮ ಮಂಗಳೂರಿನ ವಿಮಾನ ಹತ್ತಿದ್ದು ಎರಡು ದಿನ ಮೊದಲು, ಮೇ ಇಪ್ಪತ್ತು, ಮಂಗಳವಾರ. ನಾನು ಸ್ಟೋರಿನ ಕೀಲಿ ಮುಬೀನಳ ಕೈಗಿಟ್ಟು ಹೊರಟದ್ದು ಅದೇ ತಿಂಗಳ ಮೂವತ್ತೊಂದು, ಶನಿವಾರ.